ಹಳೆ ಪಿಕಪ್‌ನ ಕ್ಲಚ್ ಬದಲಿಸುವಾಗ: ಬಿಚ್ಚಿದ ಪ್ಲೇಟನ್ನು ಓದುವುದು ಹೇಗೆ

ಪಿಕಪ್‌ನ ಕ್ಲಚ್ ಕೆಲಸದಲ್ಲಿ ಪ್ಲೇಟ್ ಬದಲಿಸುವುದು ಸಣ್ಣ ಭಾಗ. ಹೊತ್ತು ಹೋಗುವುದೆಲ್ಲ ಗೇರ್ ಬಾಕ್ಸ್ ಇಳಿಸಿ ಮತ್ತೆ ಏರಿಸುವುದರಲ್ಲಿ. ಹಾಗಾಗಿ ಇಳಿಸುವ ಮೊದಲು ದೋಷ ಕ್ಲಚ್‌ನಲ್ಲೇ ಇದೆ ಎಂದು ಖಾತ್ರಿಯಾಗಬೇಕು, ಇಳಿಸಿದ ಮೇಲೆ ಹಳೆ ಪ್ಲೇಟ್ ಯಾಕೆ ಹೋಯಿತು ಎಂದು ಗೊತ್ತಾಗಬೇಕು. ಎರಡನೆಯದನ್ನು ನೋಡದೆ ಹೊಸ ಸೆಟ್ ಕೂರಿಸಿದರೆ ಅದೇ ಗಾಡಿ ಅದೇ ದೂರು ಹೊತ್ತು ಮತ್ತೆ ಗ್ಯಾರೇಜಿಗೆ ಬರುತ್ತದೆ. ನಮ್ಮ ಮಂಗಳೂರು, ಉಡುಪಿ ಕಡೆ ಓಡುವ ಹಳೆ ಟಾಟಾ 207, ಬೊಲೆರೊ ಪಿಕಪ್ ತರದ ಗಾಡಿಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಎಂಜಿನ್ ಮುಂದೆ, ಓಟ ಹಿಂದಿನ ಚಕ್ರಕ್ಕೆ, ನಡುವೆ ಪ್ರೊಪೆಲ್ಲರ್ ಶಾಫ್ಟ್.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಎಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಒತ್ತಿ ಹಿಡಿಯುವುದು ಡಯಾಫ್ರಾಮ್ ಸ್ಪ್ರಿಂಗ್. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಆ ಸ್ಪ್ರಿಂಗ್‌ನ ಬೆರಳುಗಳನ್ನು ಒಳಕ್ಕೆ ತಳ್ಳುತ್ತದೆ, ಪ್ರೆಶರ್ ಪ್ಲೇಟ್ ಹಿಂದೆ ಸರಿಯುತ್ತದೆ, ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ. ಈಗ ಪ್ಲೇಟ್ ಸವೆದು ತೆಳ್ಳಗಾಯಿತು ಎಂದುಕೊಳ್ಳಿ. ಪ್ರೆಶರ್ ಪ್ಲೇಟ್ ಫ್ಲೈವೀಲ್ ಕಡೆಗೆ ಇನ್ನಷ್ಟು ಸರಿದು ಕೂರುತ್ತದೆ, ಅದರಿಂದ ಬೆರಳುಗಳ ತುದಿ ಹಿಂದಕ್ಕೆ, ಅಂದರೆ ರಿಲೀಸ್ ಬೇರಿಂಗ್ ಕಡೆಗೆ ಬರುತ್ತದೆ. ಕೇಬಲ್ ಇರುವ ಗಾಡಿಯಲ್ಲಿ ಪೆಡಲ್‌ನ ಫ್ರೀ ಪ್ಲೇ (ಬೇರಿಂಗ್ ಬೆರಳುಗಳಿಗೆ ತಾಗುವ ಮೊದಲು ಪೆಡಲ್ ಖಾಲಿ ಇಳಿಯುವ ದೂರ) ಕಮ್ಮಿಯಾಗುತ್ತಾ ಹೋಗುವುದು ಇದೇ ಕಾರಣಕ್ಕೆ. ಪ್ಲೇಟ್ ಸವೆದರೆ ಫ್ರೀ ಪ್ಲೇ ಜಾಸ್ತಿ ಆಗಬೇಕಲ್ವಾ ಎಂದು ಸುಮಾರು ಜನ ಕೇಳುತ್ತಾರೆ. ಬೆರಳುಗಳು ಯಾವ ಕಡೆ ಚಲಿಸುತ್ತವೆ ಎಂದು ಒಂದು ಚಿತ್ರ ಬರೆದು ನೋಡಿ, ಸಂಶಯ ಹೋಗುತ್ತದೆ.

ಫ್ರೀ ಪ್ಲೇ ಪೂರ್ತಿ ಹೋದರೆ ಬೇರಿಂಗ್ ಬೆರಳುಗಳನ್ನು ಸದಾ ಒತ್ತಿಕೊಂಡೇ ಇರುತ್ತದೆ. ಆಗ ಪ್ಲೇಟ್ ಚೆನ್ನಾಗಿದ್ದರೂ ಕ್ಲಚ್ ಸ್ಲಿಪ್ ಆಗುತ್ತದೆ, ಅಂದರೆ ಹಿಡಿತ ಸಾಲದೆ ಜಾರುತ್ತದೆ! ಆದ್ದರಿಂದ ಸ್ಪ್ಯಾನರ್ ಹಿಡಿದು ಗಾಡಿ ಅಡಿಗೆ ಹೋಗುವ ಮೊದಲು ಅಡ್ಜಸ್ಟ್‌ಮೆಂಟ್ ನೋಡಿ. ಕೇಬಲ್ ಸಿಕ್ಕಿಕೊಂಡಿದೆಯಾ, ಬೇರಿಂಗನ್ನು ತಳ್ಳುವ ಫೋರ್ಕ್ ಪೂರ್ತಿ ವಾಪಸ್ ಬರುತ್ತದೆಯಾ, ಪೆಡಲ್ ಅಡಿಯ ಮ್ಯಾಟ್ ಮಡಚಿ ಕೂತಿದೆಯಾ, ಎಲ್ಲ ನೋಡಿ. ಹೈಡ್ರಾಲಿಕ್ ಆದರೆ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್‌ಗಳ ರಬ್ಬರ್ ಬೂಟ್ ಎತ್ತಿ ಒಳಗೆ ಒದ್ದೆ ಇದೆಯಾ ಎಂದು ಪರೀಕ್ಷಿಸಿ. ಅಲ್ಲಿ ಲೀಕ್ ಇದ್ದರೆ ಗೇರ್ ಬೀಳುವುದಿಲ್ಲ, ರಿವರ್ಸ್ ಹಾಕುವಾಗ ಕರಕರ ಶಬ್ದ ಬರುತ್ತದೆ. ಅದಕ್ಕೆ ಸಿಲಿಂಡರ್ ಕಿಟ್ ಸಾಕು, ಗೇರ್ ಬಾಕ್ಸ್ ಮುಟ್ಟುವ ಅಗತ್ಯವೇ ಇಲ್ಲ.

ನಿಜವಾಗಿ ಸ್ಲಿಪ್ ಆಗುವ ಗಾಡಿ ಏರಿನಲ್ಲಿ ಸಿಕ್ಕಿಬೀಳುತ್ತದೆ. ಉಡುಪಿಯಿಂದ ಮಣಿಪಾಲ ಹತ್ತುವಾಗಲೋ ಮಂಗಳೂರಿನ ಕದ್ರಿ ಗುಡ್ಡದಲ್ಲೋ ಲೋಡ್ ಇಟ್ಟು ಮೇಲಿನ ಗೇರ್‌ನಲ್ಲಿ ಎಕ್ಸಲೇಟರ್ ಕೊಟ್ಟಾಗ, ಎಂಜಿನ್ ಕೂಗು ಏರುತ್ತದೆ, ಸ್ಪೀಡ್ ಮಾತ್ರ ಏರುವುದಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಗ್ಯಾರೇಜಿನಲ್ಲೇ ನೋಡುವುದಾದರೆ ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಗಾಡಿ ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಮೂರನೇ ಗೇರ್ ಹಾಕಿ ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಸ್ಲಿಪ್ ಖಚಿತ. ಇದನ್ನು ಒಮ್ಮೆ ಮಾಡಿ ಬಿಡಿ, ಪದೇ ಪದೇ ಮಾಡಿದರೆ ಉಳಿದ ಲೈನಿಂಗ್ (ಪ್ಲೇಟಿನ ಎರಡೂ ಬದಿಯ ಹಿಡಿತದ ಪದರ) ಕೂಡ ಸುಡುತ್ತದೆ. ಶಬ್ದದ ದೂರು ಬಂದರೆ ಒಂದು ಸುಲಭದ ಗುರುತು: ಪೆಡಲ್ ತುಳಿದಾಗ ಬರುವ ಶಬ್ದ ಹೆಚ್ಚಾಗಿ ರಿಲೀಸ್ ಬೇರಿಂಗ್‌ದು, ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು ತುಳಿದಾಗ ನಿಲ್ಲುವ ಶಬ್ದ ಗೇರ್ ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್‌ದು.

ನಮ್ಮ ಕರಾವಳಿಯ ಇನ್ನೊಂದು ಕೇಸ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿಗೆ ಓಡುವ ಎಷ್ಟೋ ಪಿಕಪ್‌ಗಳು ಆ ಮಳೆಯಲ್ಲಿ ಅಂಗಳದಲ್ಲಿ ನಿಂತೇ ಇರುತ್ತವೆ. ಆಗಸ್ಟ್‌ನಲ್ಲಿ ಸ್ಟಾರ್ಟ್ ಮಾಡಿದರೆ ಎಂಜಿನ್ ಓಡುತ್ತದೆ, ಪೆಡಲ್ ಸರಿಯಾಗಿ ಹೋಗುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ. ಪ್ಲೇಟ್ ತುಕ್ಕಿನಿಂದ ಫ್ಲೈವೀಲ್‌ಗೆ ಅಂಟಿಕೊಂಡಿರುತ್ತದೆ. ಇದು ಸವೆತ ಅಲ್ಲ. ಎಂಜಿನ್ ಬಿಸಿಯಾದ ಮೇಲೆ ಕೆಲವೊಮ್ಮೆ ತಾನೇ ಬಿಡುತ್ತದೆ, ಬಿಡದಿದ್ದರೆ ಬಿಚ್ಚಲೇಬೇಕು. ಗಾಡಿ ನಿಲ್ಲಿಸುವವರಿಗೆ ಮೊದಲೇ ಹೇಳಿಡಿ: ಆಗಾಗ ಸ್ಟಾರ್ಟ್ ಮಾಡಿ ನಾಲ್ಕು ಹೆಜ್ಜೆ ಹಿಂದೆ ಮುಂದೆ ಓಡಿಸಲಿ.

ಇನ್ನು ಬಿಚ್ಚುವ ಕೆಲಸ. ಮೀನಿನ ಗಾಡಿಯ ಬೋಲ್ಟ್‌ಗಳು ಉಪ್ಪುನೀರಿಗೆ ತುಕ್ಕು ಹಿಡಿದಿರುತ್ತವೆ, ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗಾಡಿ ಎತ್ತುವ ವಿಷಯದಲ್ಲಿ ಒಂದು ಮಾತು ಜೋರಾಗಿಯೇ ಹೇಳುತ್ತೇನೆ. ಕೆಂಪುಕಲ್ಲನ್ನು ಸ್ಟ್ಯಾಂಡ್ ಮಾಡಿಕೊಂಡು ಗಾಡಿ ಅಡಿಗೆ ಹೋಗಬೇಡಿ. ಗೋಡೆ ಕಟ್ಟಲು ಅದು ಒಳ್ಳೆಯ ಕಲ್ಲು, ಆದರೆ ಭಾರವೆಲ್ಲ ಒಂದೇ ಬಿಂದುವಿಗೆ ಬಿದ್ದರೆ ಪುಡಿಯಾಗುತ್ತದೆ. ಮಳೆಗೆ ನೆಂದ ಮಣ್ಣಿನಲ್ಲಿ ಜಾಕ್ ಕೂಡ ಹೂತುಹೋಗುತ್ತದೆ. ಕಾಂಕ್ರೀಟ್ ನೆಲ, ಸರಿಯಾದ ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕಟ್ಟೆ, ಇಷ್ಟು ಇಲ್ಲದೆ ಕೆಲಸ ಶುರು ಮಾಡಬೇಡಿ.

ಪ್ರೊಪೆಲ್ಲರ್ ಶಾಫ್ಟ್‌ನ ಫ್ಲ್ಯಾಂಜ್‌ಗೆ ಗುರುತು ಹಾಕಿ ಬಿಚ್ಚಿ, ಮತ್ತೆ ಅದೇ ಜಾಗಕ್ಕೆ ಕೂರಬೇಕು, ಇಲ್ಲವಾದರೆ ವೈಬ್ರೇಶನ್ ಬರಬಹುದು. ಗೇರ್ ಲಿವರ್, ಸ್ಪೀಡೋ ಕೇಬಲ್, ರಿವರ್ಸ್ ಲೈಟಿನ ವಯರ್, ಸ್ಟಾರ್ಟರ್ ತೆಗೆಯಿರಿ. ಸ್ಲೇವ್ ಸಿಲಿಂಡರ್ ಹೊರಗಿದ್ದರೆ ಪೈಪ್ ಬಿಚ್ಚದೆ ಪಕ್ಕಕ್ಕೆ ಕಟ್ಟಿಡಿ, ಆಮೇಲೆ ಪೆಡಲ್ ಯಾರೂ ತುಳಿಯಬಾರದು. ಎಂಜಿನ್ ಹಿಂಭಾಗಕ್ಕೆ ಮರದ ತುಂಡು ಇಟ್ಟು ಜಾಕ್ ಕೊಡಿ. ಕ್ಲಚ್ ಮುಚ್ಚುವ ಗಂಟೆಯಾಕಾರದ ಬೆಲ್ ಹೌಸಿಂಗ್ ಬಿಟ್ಟ ಮೇಲೆ ಗೇರ್ ಬಾಕ್ಸ್ ನೇರ ಹಿಂದಕ್ಕೆ ಬರಬೇಕು. ಅರ್ಧ ಬಂದ ಗೇರ್ ಬಾಕ್ಸನ್ನು ಶಾಫ್ಟ್ ಮೇಲೆ ನೇತಾಡಲು ಬಿಟ್ಟರೆ ಪ್ಲೇಟಿನ ಹಬ್ ಬಾಗುತ್ತದೆ. ಇದು ಒಬ್ಬರೇ ಮಾಡುವ ಕೆಲಸ ಅಲ್ಲ. ಪ್ರೆಶರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಳಗಿನ ಕಪ್ಪು ಧೂಳಿಗೆ ಏರ್ ಹೊಡೆಯಬೇಡಿ. ಹಳೆ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ಹಳೆ ಪ್ಲೇಟನ್ನು ಮೂಲೆಗೆ ಎಸೆಯಬೇಡಿ. ಬೆಳಕಿಗೆ ಹಿಡಿಯಿರಿ. ಎರಡೂ ಬದಿ ಸಮವಾಗಿ ತೆಳ್ಳಗಾಗಿ ರಿವೆಟ್ ತಲೆಗಳು ಮೇಲ್ಮೈ ಹತ್ತಿರ ಬಂದಿದ್ದರೆ ಅದು ಸಹಜ ಸವೆತ. ವರ್ನಿಯರ್‌ನ ಡೆಪ್ತ್ ಕಡ್ಡಿಯಲ್ಲಿ ರಿವೆಟ್ ತಲೆಯವರೆಗಿನ ಆಳ ಅಳೆಯಿರಿ. ತುಂಬಾ ಗಾಡಿಗಳಿಗೆ 0.3 ಮಿ.ಮೀ. ಕೊನೆಯ ಮಿತಿ. ರಿವೆಟ್ ತಾಗಿ ಫ್ಲೈವೀಲ್ ಮೇಲೆ ಉಂಗುರದ ಗೆರೆ ಬಿದ್ದಿದ್ದರೆ ಗಾಡಿಯನ್ನು ತುಂಬಾ ತಡವಾಗಿ ತಂದಿದ್ದಾರೆ.

ಲೈನಿಂಗ್ ಕಪ್ಪಗೆ, ಜಿಡ್ಡಾಗಿ ಇದ್ದರೆ ಎಣ್ಣೆ ಎಲ್ಲಿಂದ ಬಂತು ಎಂದು ಹುಡುಕದೆ ಮುಂದೆ ಹೋಗಬೇಡಿ. ಫ್ಲೈವೀಲ್ ಹಿಂದಿನಿಂದ ಇಳಿದಿದ್ದರೆ ಕ್ರ್ಯಾಂಕ್‌ನ ಹಿಂದಿನ ಸೀಲ್. ಬೆಲ್ ಹೌಸಿಂಗ್ ಒಳಗೆ ಇನ್‌ಪುಟ್ ಶಾಫ್ಟ್ ಸುತ್ತ ಇದ್ದರೆ ಗೇರ್ ಬಾಕ್ಸ್‌ನ ಮುಂದಿನ ಸೀಲ್. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಇಲ್ಲಿ ಸೀಲ್ ಬಿಟ್ಟು ಪ್ಲೇಟ್ ಮಾತ್ರ ಬದಲಿಸಿದರೆ ಮಾಲೀಕರ ದುಡ್ಡು ನೀರಿಗೆ ಹಾಕಿದ ಹಾಗೆ.

ಲೈನಿಂಗ್ ಕನ್ನಡಿಯಂತೆ ಹೊಳೆಯುತ್ತಿದೆ, ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆಯಂಥ ಬಿರುಕು ಇದೆ ಅಂದರೆ ಅದು ಬಿಸಿಯ ಕೆಲಸ. ಆಗ ಡ್ರೈವರ್ ಹತ್ತಿರ ಮಾತಾಡಿ. "ಅಣ್ಣಾ, ಬಾಡಿಗೆ ಹೆಚ್ಚಾಗಿ ಎಲ್ಲಿಗೆ ಹೋಗ್ತೀರಿ?" ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡುತ್ತಾ ಗಾಡಿಯನ್ನು ಹಾಫ್ ಕ್ಲಚ್‌ನಲ್ಲೇ ಹಿಡಿದು ನಿಲ್ಲಿಸುವುದು, ಲೋಡ್ ಇದ್ದಾಗ ಎರಡನೇ ಗೇರ್‌ನಲ್ಲಿ ಎತ್ತುವುದು, ಹೈವೇಯಲ್ಲಿ ಸುಮ್ನೆ ಕಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಓಡಿಸುವುದು. ಬೈಯುವ ದನಿಯಲ್ಲಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಸುಟ್ಟ ಪ್ಲೇಟನ್ನೇ ಅವರ ಕೈಗೆ ಕೊಟ್ಟು ಏರಿನಲ್ಲಿ ನಿಲ್ಲಲು ಹ್ಯಾಂಡ್ ಬ್ರೇಕ್ ಬಳಸಿ ಎಂದರೆ ಕೇಳುತ್ತಾರೆ. ನೀಲಿ ಕಲೆಯ ಫ್ಲೈವೀಲ್ ಲೇತ್‌ಗೆ ಹೋಗಬೇಕು, ಬಿರುಕು ಆಳವಾಗಿದ್ದರೆ ಬದಲಿಸಬೇಕು.

ಸೆಟ್ ತರುವಾಗ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಇನ್‌ಪುಟ್ ಶಾಫ್ಟಿನ ಮುಂದಿನ ತುದಿ ಕೂರುವ ಪೈಲಟ್ ಬೇರಿಂಗ್ ಒಟ್ಟಿಗೆ ತನ್ನಿ. ಬೇರಿಂಗ್ ಒಂದನ್ನು ಉಳಿಸಲು ಹೋಗಿ ಮತ್ತೆ ಗೇರ್ ಬಾಕ್ಸ್ ಇಳಿಸುವುದು ಯಾರಿಗೂ ಬೇಡ. ರಿಲೀಸ್ ಬೇರಿಂಗನ್ನು ಡೀಸೆಲ್‌ನಲ್ಲಿ ಅದ್ದಿ ತೊಳೆಯುವ ಅಭ್ಯಾಸ ಕೆಲವು ಕಡೆ ಇದೆ, ಅದು ತಪ್ಪು. ಒಳಗೆ ತುಂಬಿ ಮುಚ್ಚಿದ ಗ್ರೀಸ್ ತೊಳೆದುಹೋಗುತ್ತದೆ.

ಕೂರಿಸುವಾಗ ಪ್ಲೇಟಿನ ದಿಕ್ಕು ನೋಡಿ. ಫ್ಲೈವೀಲ್ ಕಡೆ ಯಾವುದು ಎಂದು ಹೆಚ್ಚಾಗಿ ಅಚ್ಚು ಹಾಕಿರುತ್ತಾರೆ. ಸಾಮಾನ್ಯವಾಗಿ ಸ್ಪ್ರಿಂಗ್ ಉಬ್ಬಿದ ಬದಿ ಗೇರ್ ಬಾಕ್ಸ್ ಕಡೆಗೆ. ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಪ್ಲೇಟ್ ಒಮ್ಮೆ ಜಾರಿಸಿ ನೋಡಿ, ಹೊರಬಂದದ್ದನ್ನು ಒರೆಸಿಬಿಡಿ. ಜಾಸ್ತಿಯಾದರೆ ಲೈನಿಂಗ್‌ಗೇ ಹಾರುತ್ತದೆ. ಅಲೈನ್‌ಮೆಂಟ್ ಟೂಲ್ ಅಥವಾ ಹಳೆ ಇನ್‌ಪುಟ್ ಶಾಫ್ಟ್ ತೂರಿಸಿ ಪ್ಲೇಟನ್ನು ನಡುವಿಗೆ ತನ್ನಿ, ಆಮೇಲೆ ಬೋಲ್ಟ್‌ಗಳನ್ನು ಎದುರುಬದುರು ಬಿಗಿದು ಕೊನೆಗೆ ಮ್ಯಾನುಯಲ್‌ನ ಟಾರ್ಕ್ ಕೊಡಿ.

ಗೇರ್ ಬಾಕ್ಸ್ ಒಳಗೆ ಹೋಗುವಾಗ ಕೊನೆಯಲ್ಲಿ ಬೆರಳಿನಷ್ಟು ಸಂದಿ ಉಳಿದು ನಿಂತಿತು ಅಂದುಕೊಳ್ಳಿ. ಬೆಲ್ ಹೌಸಿಂಗ್ ಬೋಲ್ಟ್ ಬಿಗಿದು ಎಳೆದುಕೊಳ್ಳಬೇಡಿ. ಹೌಸಿಂಗ್‌ನ ಕಿವಿ ಒಡೆಯುತ್ತದೆ ಅಥವಾ ಪ್ಲೇಟ್ ಬಾಗುತ್ತದೆ. ಗೇರ್ ಹಾಕಿ ಹಿಂದಿನ ಫ್ಲ್ಯಾಂಜನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ, ಹಲ್ಲು ಹೊಂದಿಕೊಂಡರೆ ತಾನೇ ಒಳಗೆ ಜಾರುತ್ತದೆ. ಆಗದಿದ್ದರೆ ಎಂಜಿನ್, ಗೇರ್ ಬಾಕ್ಸ್ ಒಂದೇ ಕೋನದಲ್ಲಿ ಇವೆಯಾ ನೋಡಿ, ಜಾಕ್ ಸ್ವಲ್ಪ ಏರಿಸಿ ಇಳಿಸಿ.

ಎಲ್ಲ ಜೋಡಿಸಿದ ಮೇಲೆ ಗೇರ್ ಆಯಿಲ್ ಮಟ್ಟ ನೋಡಿ, ಫ್ರೀ ಪ್ಲೇ ಹೊಸದಾಗಿ ಹೊಂದಿಸಿ, ಹೈಡ್ರಾಲಿಕ್ ಲೈನ್ ಬಿಚ್ಚಿದ್ದರೆ ಗಾಳಿ ತೆಗೆಯಿರಿ. ರಿವರ್ಸ್ ಗೇರ್ ಶಬ್ದವಿಲ್ಲದೆ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆ ಎಂದರ್ಥ. ಹೊಸ ಲೈನಿಂಗ್ ಫ್ಲೈವೀಲ್‌ಗೆ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಊರೊಳಗೆ, ಹಗುರ ಲೋಡ್‌ನಲ್ಲಿ ಓಡಿಸಲಿ. ಮರುದಿನವೇ ಐಸ್ ಬಾಕ್ಸ್ ತುಂಬಿಕೊಂಡು ಘಾಟಿ ಹತ್ತಬೇಕು ಎನ್ನುವವರಿಗೆ ಕೀ ಕೊಡುವಾಗಲೇ ಇದನ್ನು ಬಿಡಿಸಿ ಹೇಳಿ, ಫ್ರೀ ಪ್ಲೇ ಇನ್ನೊಮ್ಮೆ ನೋಡಲು ಯಾವಾಗ ಬರಬೇಕು ಎಂದು ಬಿಲ್ಲಿನ ಮೇಲೆ ಬರೆದುಕೊಡಿ.