ಗುಂಡು ಎಸೆತ: ಟೇಪ್ ಹಿಡಿಯುವುದು ಎಲ್ಲಿಂದ ಎಲ್ಲಿಗೆ?

ಪುರುಷರ ಗುಂಡಿನ ತೂಕ 7.26 ಕೆ.ಜಿ., ವ್ಯಾಸ 110ರಿಂದ 130 ಮಿ.ಮೀ. ನಿಂತು ಎಸೆಯುವ ವೃತ್ತದ ಒಳವ್ಯಾಸ 2.135 ಮೀಟರ್. ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸಾಮಾನ್ಯವಾಗಿ 12 ಮಂದಿ ಇರುತ್ತಾರೆ. ಎಲ್ಲರಿಗೂ ಮೂರು ಎಸೆತ, ಆಮೇಲೆ ಮುಂದಿರುವವರಿಗೆ ಮಾತ್ರ ಹೆಚ್ಚೆಂದರೆ ಮತ್ತೆ ಮೂರು. ಅರ್ಹತಾ ಸುತ್ತಿನಲ್ಲಿ ಎಸೆದ ದೂರ ಫೈನಲ್‌ಗೆ ಬರುವುದಿಲ್ಲ. ಇಷ್ಟು ಬೇಗ ನೆನಪಿನಲ್ಲಿ ನಿಲ್ಲುತ್ತದೆ. ಗೊಂದಲ ಶುರುವಾಗುವುದು ಅಳತೆಯಲ್ಲಿ.

ಅಳತೆ

ಟೇಪಿನ ಸೊನ್ನೆಯ ತುದಿ ಇರಬೇಕಾದದ್ದು ಗುಂಡು ಬಿದ್ದ ಕಡೆ, ವೃತ್ತದ ಕಡೆ ಅಲ್ಲ. ಅದೂ ಗುಳಿಯ ನಡುವೆ ಅಲ್ಲ, ವೃತ್ತಕ್ಕೆ ಅತಿ ಹತ್ತಿರವಿರುವ ಗುಳಿಯ ಅಂಚಿನಲ್ಲಿ. ಅಲ್ಲಿಂದ ಟೇಪನ್ನು ವೃತ್ತದ ಕೇಂದ್ರದ ಮೇಲೆ ಹಾಯುವಂತೆ ಎಳೆದು, ಸ್ಟಾಪ್ ಬೋರ್ಡಿನ (ವೃತ್ತದ ಮುಂದಿನ ಅಂಚಿನಲ್ಲಿ ಕೂರಿಸಿದ ಬಾಗಿದ ಹಲಗೆ) ಒಳಅಂಚಿನಲ್ಲಿ ಅಂಕಿ ಓದಬೇಕು. ಬೋರ್ಡಿನ ಹೊರಅಂಚಿನಲ್ಲಿ ಓದಿದರೆ ಬೋರ್ಡಿನ ಅಗಲದಷ್ಟು, ಅಂದರೆ 11 ಸೆಂ.ಮೀ.ಗೂ ಹೆಚ್ಚು ದೂರ ಎಸೆದವನ ಕೈತಪ್ಪುತ್ತದೆ.

ಅಳೆಯುವುದು ವೃತ್ತದ ಅಂಚಿನವರೆಗೆ ಎಂದಮೇಲೆ ಟೇಪು ಕೇಂದ್ರದ ಮೇಲೆ ಏಕೆ ಹಾಯಬೇಕು? ಗುಂಡು ಬಿದ್ದ ಬಿಂದುವಿನಿಂದ ವೃತ್ತಕ್ಕಿರುವ ಅತಿ ಕಡಿಮೆ ದೂರ ಸಿಗುವುದು ಕೇಂದ್ರದ ಕಡೆಗೆ ಎಳೆದ ಗೆರೆಯ ಮೇಲೆ ಮಾತ್ರ. ಟೇಪು ಎತ್ತ ಸರಿದರೂ ಅಂಕಿ ಹೆಚ್ಚುತ್ತದೆ, ಎಂದೂ ಕಡಿಮೆಯಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಗುಂಡು ಸೆಕ್ಟರಿನ (ಗುಂಡು ಬೀಳಬೇಕಾದ, ಎರಡು ಗೆರೆಗಳ ನಡುವಿನ ಜಾಗ) ಅಂಚಿನ ಹತ್ತಿರ, ಕೇಂದ್ರದಿಂದ ಸರಿಯಾಗಿ 20 ಮೀಟರ್ ದೂರದಲ್ಲಿ ಬಿದ್ದಿದೆ ಎಂದುಕೊಳ್ಳಿ. ತ್ರಿಜ್ಯ 1.0675 ಮೀಟರ್. ಕಳೆದರೆ 18.9325. ಸೆಂಟಿಮೀಟರಿಗಿಂತ ಚಿಕ್ಕ ಭಾಗವನ್ನು ಬಿಟ್ಟುಬಿಡುತ್ತಾರೆ, ಆದ್ದರಿಂದ ದಾಖಲಾಗುವುದು 18.93. ಟೇಪನ್ನು ಕೇಂದ್ರದ ಮೇಲೆ ಹಾಯಿಸದೆ ಬೋರ್ಡಿನ ನಡುಬಿಂದುವಿಗೆ ನೇರ ಹಿಡಿದರೆ ಸುಮಾರು 18.98 ಬರುತ್ತದೆ. ಐದು ಸೆಂ.ಮೀ. ಪುಕ್ಕಟೆ! ನೇರ ಎಸೆತದಲ್ಲಿ ಈ ತಪ್ಪು ಕಾಣುವುದೇ ಇಲ್ಲ, ಓರೆ ಎಸೆತದಲ್ಲಿ ಮಾತ್ರ ಕಾಣುತ್ತದೆ. ದೊಡ್ಡ ಕೂಟಗಳಲ್ಲಿ ಟೇಪಿನ ಬದಲು ಗುಳಿಯಂಚಿನಲ್ಲಿ ಪ್ರಿಸಂ ಇಟ್ಟು ಯಂತ್ರದಿಂದ ಅಳೆಯುತ್ತಾರೆ. ಯಂತ್ರವೂ ಮಾಡುವುದು ಇದೇ ಕಳೆಯುವ ಲೆಕ್ಕ.

ಸೆಕ್ಟರಿನ ಕೋನ 34.92 ಡಿಗ್ರಿ. ಈ ವಿಚಿತ್ರ ಅಂಕಿಯನ್ನು ಉರುಹೊಡೆಯಬೇಕಿಲ್ಲ: ಕೇಂದ್ರದಿಂದ ಎರಡೂ ಗೆರೆಗಳ ಮೇಲೆ 20 ಮೀಟರ್ ಹೋದರೆ ನಡುವಿನ ಅಂತರ ಸರಿಯಾಗಿ 12 ಮೀಟರ್. ಮೈದಾನದಲ್ಲಿ ಗುರುತು ಹಾಕಲೂ ಇದೇ ಸುಲಭದ ದಾರಿ. ಗುಂಡು ಮೊದಲು ನೆಲ ಮುಟ್ಟುವಾಗ ಗೆರೆಗೆ ತಗುಲಿದರೂ ಫೌಲ್.

ಫೌಲ್

ಬೋರ್ಡಿನ ಒಳಮೈಗೆ ಪಾದ ಒತ್ತಿ ನಿಲ್ಲಬಹುದು, ಅದರ ಮೇಲ್ಮೈ ಮುಟ್ಟಬಾರದು. ಎಸೆಯುವಾಗ ಗುಂಡು ಹಿಡಿದ ಕೈ ಕುತ್ತಿಗೆ ಅಥವಾ ಗಲ್ಲದ ಬಳಿಯಿಂದ ಕೆಳಗಿಳಿಯಬಾರದು, ಗುಂಡು ಭುಜದ ಗೆರೆಯ ಹಿಂದಕ್ಕೆ ಹೋಗಬಾರದು. ಗುಂಡು ನೆಲ ಮುಟ್ಟುವವರೆಗೆ ವೃತ್ತ ಬಿಡುವಂತಿಲ್ಲ. ಹೊರಬರುವಾಗ ಮೊದಲ ಹೆಜ್ಜೆ ವೃತ್ತದ ಎರಡೂ ಬದಿಗೆ ಎಳೆದ ಬಿಳಿ ಗೆರೆಯ ಪೂರ್ತಿ ಹಿಂದೆ ಬೀಳಬೇಕು. ಸ್ಪಿನ್ ಮಾಡುವವರು, ಅಂದರೆ ವೃತ್ತದೊಳಗೆ ಗಿರಕಿ ಹೊಡೆದು ಎಸೆಯುವವರು, ಗುಂಡು ಬಿಟ್ಟ ಮೇಲೂ ದೇಹದ ತಿರುಗುವ ವೇಗ ಉಳಿದು ಮುಂದಕ್ಕೆ ಮುಗ್ಗರಿಸುತ್ತಾರೆ. ಕಾಲು ಬದಲಿಸಿ ಆ ವೇಗ ತಡೆಯುವುದು ತಡವಾದರೆ ಒಳ್ಳೆಯ ಎಸೆತವೂ ಕೆಂಪು ಬಾವುಟಕ್ಕೆ ಬಲಿ.

ಸಮ ದೂರ ಬಂದರೆ

2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಇದಕ್ಕೆ ಅತ್ಯುತ್ತಮ ಪಾಠ. ಜೋ ಕೊವಾಕ್ಸ್ ಕೊನೆಯ ಎಸೆತದಲ್ಲಿ 22.91 ಎಸೆದು ಚಿನ್ನ ಗೆದ್ದರು. ರಯಾನ್ ಕ್ರೌಸರ್ ಮತ್ತು ಟಾಮ್ ವಾಲ್ಶ್ ಇಬ್ಬರದೂ 22.90. ವಾಲ್ಶ್ ಆ ದೂರವನ್ನು ಮೊದಲ ಎಸೆತದಲ್ಲೇ ಮುಟ್ಟಿದ್ದರು. ಮೊದಲು ಎಸೆದವರಿಗೆ ಬೆಳ್ಳಿ ಎಂದು ತಿಳಿಯುವುದು ಸಹಜ, ಆದರೆ ತಪ್ಪು. ಎಸೆತದ ಕ್ರಮಕ್ಕೆ ಬೆಲೆಯಿಲ್ಲ, ಎರಡನೇ ಉತ್ತಮ ದೂರ ನೋಡುತ್ತಾರೆ. ವಾಲ್ಶ್‌ರ ಉಳಿದ ಐದೂ ಎಸೆತ ಫೌಲ್ ಆಗಿದ್ದವು, ಹಾಗಾಗಿ ಹೋಲಿಸಲು ಅವರ ಕಡೆ ಅಂಕಿಯೇ ಇರಲಿಲ್ಲ. ಬೆಳ್ಳಿ ಕ್ರೌಸರ್‌ಗೆ, ಕಂಚು ವಾಲ್ಶ್‌ಗೆ. ಎರಡನೆಯದೂ ಸಮವಾದರೆ ಮೂರನೆಯದು, ಹೀಗೆಯೇ ಮುಂದೆ. ಎಲ್ಲವೂ ಸಮವಾದರೆ ಇಬ್ಬರಿಗೂ ಒಂದೇ ಸ್ಥಾನ.