ತಳದ ಮೀನಿಗೆ ಮೊದಲು ಮರಳು ನೋಡಿ
ಗಿಡ ನೆಟ್ಟ ಮೀನಿನ ಟ್ಯಾಂಕ್ ಮಾಡಿಕೊಡಿ ಅಂತ ಕರೆಯುವವರು ಮೊದಲು ಲೈಟಿನ ಬಗ್ಗೆ ಕೇಳುತ್ತಾರೆ. ಅದರಲ್ಲಿ ಕೋರಿಡೋರಸ್ ಎಂಬ ತಳದ ಮೀನು ಬಿಡುವುದಾದರೆ ನಾನು ಮೊದಲು ಮರಳಿನ ಮಾತೆತ್ತುತ್ತೇನೆ.

ದಕ್ಷಿಣ ಅಮೆರಿಕದ ಹೊಳೆಗಳ ಮೀನು ಇದು. ಬಾಯಿ ಕೆಳಕ್ಕೆ, ಸುತ್ತ ಪುಟ್ಟ ಮೀಸೆ. ಮರಳಿಗೆ ಮೂತಿ ತೂರಿಸಿ ಬಾಯಿತುಂಬ ಎಳೆದುಕೊಂಡು, ತಿನ್ನುವುದನ್ನು ಇಟ್ಟುಕೊಂಡು ಉಳಿದದ್ದನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಬಣ್ಣದ ಜಲ್ಲಿ ಹಾಕಿದರೆ ಈ ಕೆಲಸವೇ ನಿಂತುಹೋಗುತ್ತದೆ. ಸಂದಿಗೆ ಇಳಿದ ಆಹಾರ ಅಲ್ಲೇ ಕೊಳೆಯುತ್ತದೆ. ಆ ಗಲೀಜಿನಲ್ಲಿ ಓಡಾಡಿ ಮೀಸೆಯೂ ಹಾಳಾಗುತ್ತದೆ.

ಹಾಗಂತ ಪಕ್ಕದ ಸೈಟಿನ ಎಂ-ಸ್ಯಾಂಡ್ ತಂದು ಸುರಿಯಬೇಡಿ. ಬೆಂಗಳೂರಲ್ಲಿ ಬೀದಿಗೊಂದು ರಾಶಿ ಬಿದ್ದಿರುತ್ತದೆ, ಆಸೆ ಆಗುವುದು ಸಹಜ. ಆದರೆ ಅದು ಬಂಡೆ ಒಡೆದು ಮಾಡಿದ್ದು, ಅಂಚೆಲ್ಲ ಚೂಪು. ನುಣುಪಾದ ಸಣ್ಣ ನದಿ ಮರಳು ಒಳ್ಳೆಯದು. ಒಂದು ಚಮಚ ಮರಳಿಗೆ ವಿನೆಗರ್ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶ ಇದೆ, ನೀರು ಗಡಸಾಗುತ್ತದೆ, ಬೇಡ. ಚೆನ್ನಾಗಿ ತೊಳೆದು ಒಂದೂವರೆ ಇಂಚು ಹಾಸಿದರೆ ಸಾಕು.

ಹೊಸದಾಗಿ ನೆಟ್ಟ ಗಿಡವನ್ನು ಈ ಮೀನುಗಳು ಕೆದಕಿ ತೇಲಿಸಿಬಿಡುತ್ತವೆ. ಅದಕ್ಕೇ ಅನುಬಿಯಾಸ್, ಜಾವಾ ಫರ್ನ್ ಗಿಡಗಳೆರಡನ್ನೂ ಮರದ ತುಂಡಿಗೆ ದಾರದಿಂದ ಕಟ್ಟುತ್ತೇನೆ. ಇವುಗಳ ದಪ್ಪ ಕಾಂಡವನ್ನು ಮರಳಲ್ಲಿ ಹೂತರೆ ಹೇಗೂ ಕೊಳೆಯುತ್ತದೆ. ಕ್ರಿಪ್ಟೊಕೊರಿನ್ ಗಿಡವನ್ನು ಮಾತ್ರ ಮರಳಲ್ಲೇ ನೆಡಬೇಕು. ಬುಡಕ್ಕೆ ಗೊಬ್ಬರದ ಗುಳಿಗೆ ಇಡಿ, ಮೀನು ಬಿಡುವ ಮುಂಚೆಯೇ ಬೇರೂರಲು ಬಿಡಿ. ಮೊದಲ ವಾರಗಳಲ್ಲಿ ಎಲೆ ಕರಗಿದರೆ ಕಿತ್ತೆಸೆಯಬೇಡಿ, ಬುಡ ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ.

ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧ ಬೇಕು. ಬೋರ್ ಅಥವಾ ಟ್ಯಾಂಕರ್ ನೀರಾದರೆ ಗಡಸುತನ ಪರೀಕ್ಷಿಸಿ, ಜಾಸ್ತಿ ಇದ್ದರೆ ಆರ್‌ಒ ನೀರು ಬೆರೆಸಿ. ಮೀನಿನ ಗಲೀಜಿನಿಂದ ಹುಟ್ಟುವ ವಿಷ ಕಳೆಯುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ಸುಮಾರು 4ರಿಂದ 6 ವಾರ ಹಿಡಿಯುತ್ತದೆ. ನೀರಿನ ಪರೀಕ್ಷೆಯಲ್ಲಿ ಆ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು. ಒಂದೋ ಎರಡೋ ತಂದರೆ ಹೆದರಿ ಮೂಲೆ ಸೇರುತ್ತವೆ, ಒಂದೇ ಜಾತಿಯವು ಆರಾದರೂ ಇರಲಿ. ಎತ್ತರದ ಟ್ಯಾಂಕಿಗಿಂತ ಉದ್ದನೆಯದು ಮೇಲು.

"ಗಲೀಜು ತಿನ್ನುವ ಮೀನು" ಅಂತ ಕೆಲವು ಅಂಗಡಿಯವರು ಮಾರುತ್ತಾರೆ. ಸುಳ್ಳು. ಇವು ಹಿಕ್ಕೆ ತಿನ್ನುವುದಿಲ್ಲ, ಮೇಲಿನ ಮೀನು ಬಿಟ್ಟ ಚೂರಿನಲ್ಲಿ ಹೊಟ್ಟೆಯೂ ತುಂಬುವುದಿಲ್ಲ. ರಾತ್ರಿ ಲೈಟ್ ಆರಿಸಿದ ಮೇಲೆ ಮುಳುಗುವ ಆಹಾರದ ಗುಳಿಗೆ ಹಾಕಿ. ನೀರನ್ನು ಮುಚ್ಚಳದವರೆಗೂ ತುಂಬಬೇಡಿ. ಆಗಾಗ ಮೇಲೆ ಬಂದು ಗಾಳಿ ನುಂಗುವುದು ಇವುಗಳ ಅಭ್ಯಾಸ. ಪದೇ ಪದೇ ಬರುತ್ತಿದ್ದರೆ ಮಾತ್ರ ನೀರು ಪರೀಕ್ಷಿಸಿ.