ಡರ್ಲ್‌ಟನ್: ಕೋಟೆ ಮೊದಲು, ಚರ್ಚು ಆಮೇಲೆ

ಸ್ಕಾಟ್ಲೆಂಡಿನ ಈಸ್ಟ್ ಲೋದಿಯನ್ ಕರಾವಳಿಗೆ ಸಮೀಪದ ಡರ್ಲ್‌ಟನ್ ಹಳ್ಳಿಯಲ್ಲಿ ಕೋಟೆಯಿಂದ ಚರ್ಚಿಗೆ ಕೆಲವೇ ನಿಮಿಷಗಳ ನಡಿಗೆ. ಆದರೆ ಅವೆರಡರ ವಯಸ್ಸಿನ ನಡುವೆ ಮೂರೂವರೆ ಶತಮಾನಕ್ಕೂ ಹೆಚ್ಚಿನ ಅಂತರವಿದೆ. ಎರಡೂ ಒಟ್ಟಿಗೇ ಹುಟ್ಟಿರಬೇಕೆಂದು ನೋಡಲು ಬಂದವರು ಎಣಿಸುವುದು ಸಹಜವೇ. ಕಟ್ಟಡಗಳ ಕಾಲ ನಿರ್ಣಯಿಸುವ ವೃತ್ತಿಯವರು ಮಾತ್ರ ಆ ಎಣಿಕೆಯನ್ನು ಬದಿಗಿಟ್ಟು ಗೋಡೆಯ ಬಳಿಗೆ ಹೋಗಬೇಕು.

ಕೋಟೆಯ ನೈಋತ್ಯ ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿರುವ ಬುರುಜುಗಳನ್ನು 13ನೇ ಶತಮಾನದಲ್ಲಿ ದೆ ವೋ ಮನೆತನದವರು ಕಟ್ಟಿಸಿದರು. ಚೌಕವಾಗಿ ಕೆತ್ತಿದ ಕಲ್ಲುಗಳು, ಸಮನಾದ ವರಸೆಗಳು, ತೆಳುವಾದ ಸಂದುಗಳು: ಹಣವೂ ನುರಿತ ಕಲ್ಲುಕುಟಿಗರೂ ಕೈಯಲ್ಲಿದ್ದವರ ಕೆಲಸವಿದು. 1298ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಪರವಾಗಿ ಡರ್ಹಮ್‌ನ ಬಿಷಪ್ ಆಂಟನಿ ಬೆಕ್ ಇದನ್ನು ಮುತ್ತಿದಾಗ, ದವಸ ಮುಗಿದ ಅವನ ಸೈನಿಕರು ಹೊಲದ ಬಟಾಣಿ, ಅವರೆ ತಿಂದು ದಿನ ದೂಡಿದರೆಂದು ಆ ಕಾಲದ ವೃತ್ತಾಂತ ಹೇಳುತ್ತದೆ. ಧರ್ಮಗುರುವೇ ದಂಡಿನ ನಾಯಕನಾಗುವುದು ಆಗ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಶತ್ರುವಿಗೆ ಮತ್ತೆ ನೆಲೆಯಾಗದಿರಲೆಂದು, ಇಂಗ್ಲಿಷರಿಂದ ಮರಳಿ ಗೆದ್ದ ಕೋಟೆಗಳನ್ನು ಕೆಡವಿಸುವುದು ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್‌ನ ನೀತಿಯಾಗಿತ್ತು. ಇಲ್ಲಿಯೂ ಬಹುಭಾಗ ನೆಲಸಮವಾಯಿತು. ಮುಂದೆ ಮದುವೆಯ ಸಂಬಂಧದಿಂದ ಒಡೆಯರಾದ ಹ್ಯಾಲಿಬರ್ಟನ್ನರು ಪೂರ್ವದ ಕಡೆ ವಿಶಾಲ ಸಭಾಂಗಣ, ಅಡುಗೆಮನೆ, ಉಗ್ರಾಣಗಳನ್ನು ಕಟ್ಟಿಸಿದರು. ಒರಟು ಕಲ್ಲಿನ ಆ ಗೋಡೆಗಳು ಹಳೆಯ ನಯಗೆಲಸದ ಪಕ್ಕದಲ್ಲಿ ಎದ್ದು ಕಾಣುತ್ತವೆ.

ಇಷ್ಟು ಕಾಲವೂ ಊರವರ ಪ್ಯಾರಿಷ್ ಚರ್ಚು, ಎಂದರೆ ಸುತ್ತಲಿನ ಊರುಗಳಿಗೆಲ್ಲ ಸೇರಿದ ಚರ್ಚು, ಇದ್ದದ್ದು ಪಶ್ಚಿಮದ ಗಲನ್‌ನಲ್ಲಿ. ಸಮುದ್ರತೀರದಿಂದ ಗಾಳಿ ಹೊತ್ತು ತರುವ ಮರಳು ಆ ಚರ್ಚನ್ನೂ ಸ್ಮಶಾನವನ್ನೂ ಮುಚ್ಚತೊಡಗಿದ್ದರಿಂದ, 1612ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಶಾಸನ ಮಾಡಿ ಅದನ್ನು ಡರ್ಲ್‌ಟನ್‌ಗೆ ಸ್ಥಳಾಂತರಿಸಿತು. ಗಲನ್‌ನ ಪಾಳುಗೋಡೆಗಳು ಈಗಲೂ ನಿಂತಿವೆ. ಡರ್ಲ್‌ಟನ್‌ನ ಚರ್ಚು ಮತಸುಧಾರಣೆಯ (ಸ್ಕಾಟ್ಲೆಂಡು ಕ್ಯಾಥೊಲಿಕ್ ಪಂಥ ಬಿಟ್ಟು ಪ್ರೊಟೆಸ್ಟೆಂಟ್ ಆದದ್ದರ) ನಂತರದ್ದಾದುದರಿಂದ ಉದ್ದನೆಯ ಸರಳ ಆಯತ; ದಕ್ಷಿಣಕ್ಕೆ ಚಾಚಿಕೊಂಡಿರುವ ಆರ್ಚರ್‌ಫೀಲ್ಡ್ ಪಾರ್ಶ್ವಾಂಗ 17ನೇ ಶತಮಾನದಲ್ಲೇ ಸೇರಿದ್ದು.

1650ರಲ್ಲಿ ಇಂಗ್ಲೆಂಡಿನ ಸೇನಾನಿ ಆಲಿವರ್ ಕ್ರಾಮ್‌ವೆಲ್‌ನ ಸೇನೆ ಮೋರ್ಟಾರ್ ಫಿರಂಗಿಯಿಂದ ಗುಂಡು ಹೊಡೆದು ಕೋಟೆಯನ್ನು ವಶಪಡಿಸಿಕೊಂಡಿತು. 1660ರ ದಶಕದಲ್ಲಿ ಜಮೀನು ಕೊಂಡ ಜಾನ್ ನಿಸ್ಬೆಟ್ ವಾಸಕ್ಕೆ ಆರ್ಚರ್‌ಫೀಲ್ಡ್‌ನಲ್ಲಿ ಹೊಸ ಮನೆ ಕಟ್ಟಿಸಿದನೇ ಹೊರತು ಕೋಟೆಯನ್ನು ದುರಸ್ತಿ ಮಾಡಿಸಲಿಲ್ಲ. ನನ್ನ ಮಟ್ಟಿಗೆ ಈ ಉಪೇಕ್ಷೆ ಉಪಕಾರವೇ ಆಯಿತು: ಮೇಲೆ ಹೊಸ ಗಾರೆ ಬೀಳದ ಕಾರಣ ಎರಡು ಮನೆತನಗಳ ಕಲ್ಲುಗೆಲಸ ಇಂದಿಗೂ ಬೇರೆಬೇರೆಯಾಗಿಯೇ ಗುರುತು ಸಿಗುತ್ತದೆ.